ಮಾಸದ ಹಳದಿ

ಕುಮುದಪುರದ ಕೋಟೆಯ ಮೇಲೆ ಎಳೆಬಿಸಿಲು ಬಿದ್ದಾಗ ಅರಮನೆಯ ಕಳಶ, ಪಟ್ಟದಾನೆಯ ಜೂಲು, ಚಿನಿವಾರರ ಬೀದಿ ಎಲ್ಲವೂ ಬಂಗಾರವಾಗಿ ಹೊಳೆಯುತ್ತಿದ್ದವು. ರಾಣಿಯ ಊಟವೊಂದು ಮಾತ್ರ ಏಕೆ ಹಿಂದುಳಿಯಬೇಕೆಂದು ಆಕೆಯ ಸೋದರಳಿಯ ಕೇತರಸನಿಗೆ ಅನ್ನಿಸಿತು. ಮಕ್ಕಳಿಲ್ಲದ ರಾಣಿ ಹೊನ್ನಲದೇವಿಯ ನಂತರ ಸಿಂಹಾಸನ ತನ್ನದೆಂದು ತಿಳಿದಿದ್ದ ಆತ, ಅತ್ತೆಯ ಊಟದ ಬಗ್ಗೆ ಬಹಳ ಕಾಳಜಿ ವಹಿಸುತ್ತಿದ್ದ.

ಕೇಸರಿ ಬೆರೆಸಿದ ಅನ್ನ ರಾಣಿಯ ಎಲೆಗೆ ಬರುವಷ್ಟರಲ್ಲಿ ಮಂಕಾಗುತ್ತಿತ್ತು. ಕಾರಣ ಸಾಂತಯ್ಯ. ಅರಮನೆಯಲ್ಲಿ ಬೆಂದದ್ದೆಲ್ಲದರ ಮೊದಲ ತುತ್ತು ಅವನದು. ನುಂಗಿದ ಮೇಲೆ, ಗಳಿಗೆಬಟ್ಟಲು ನೀರಿನಲ್ಲಿ ಮುಳುಗುವ ತನಕ ಅವನು ಬದುಕಿದ್ದರೆ ಅಡುಗೆ ಒಳಗೆ ಹೋಗುತ್ತಿತ್ತು. ಆ ಹೊತ್ತಿನಲ್ಲಿ ಅವನ ಪಕ್ಕ ಯಾರೂ ಕೂರುತ್ತಿರಲಿಲ್ಲ. ಇಂಥವನಿಗೆ ಹೆಣ್ಣು ಕೊಡುವವರೂ ಸಿಕ್ಕಿರಲಿಲ್ಲ. ಬಾಣಸಿಗರು ಮಾತ್ರ ಆಗಾಗ ಇಣುಕಿ, "ಹೇಗಿದ್ದೀರಿ?" ಎಂದು ಕೇಳುತ್ತಿದ್ದರು, ಅಡುಗೆ ಆರಿಹೋಗುವ ಆತಂಕ ಅವರದು.

ಕೇತರಸ ಚಿತ್ರಶಾಲೆಯಿಂದ ಹರಿತಾಳ ತರಿಸಿದ. ಗೋಡೆಯ ಮೇಲಿನ ದೇವತೆಗಳಿಗೆ ಬಳಿಯುವ ಹಳದಿ ಕಲ್ಲಿನ ಪುಡಿ ಅದು. ಅದನ್ನು ಬೆರೆಸಿದ ಅನ್ನ ಎಷ್ಟು ಆರಿದರೂ ಮಾಸಲಿಲ್ಲ. ಆಸ್ಥಾನ ಬಾಯ್ತುಂಬ ಹೊಗಳಿತು. ಬೇಸಿಗೆ ಕಳೆಯುವಷ್ಟರಲ್ಲಿ ಸಾಂತಯ್ಯನ ಕೂದಲು ಉದುರಿ, ಅಂಗೈ ಒರಟಾಗಿ, ಅದರ ಮೇಲೆ ಕಪ್ಪು ಚುಕ್ಕೆಗಳೆದ್ದವು. ಒಂದು ದಿನ ತಾಂಬೂಲಕ್ಕೆ ಚಾಚಿದ ರಾಣಿಯ ಅಂಗೈಯಲ್ಲೂ ಅವನು ಅವೇ ಚುಕ್ಕೆಗಳನ್ನು ಕಂಡ. ತಾನು ತಿನ್ನುವುದು ತುತ್ತು. ಆಕೆ ಉಣ್ಣುವುದು ಎಲೆ ತುಂಬ.

ಸಭೆಯಲ್ಲಿ ಕೈಮುಗಿದು ಹೇಳಿದ: "ತಾಯಿ, ಆ ಹಳದಿ ವಿಷ."

ಕೇತರಸ ನಕ್ಕ. "ಎಂದಿನಿಂದ ತಿನ್ನುತ್ತಿದ್ದೀಯ, ಸಾಂತಯ್ಯ?"

"ಯುಗಾದಿಯಿಂದ, ಪ್ರಭು."

"ಸತ್ತೆಯಾ?"

"ಇಲ್ಲ, ಪ್ರಭು."

"ನೀನು ತಿಂದೂ ಸಾಯದ ಅಡುಗೆಯನ್ನು ವಿಷವೆನ್ನಲು ಈ ರಾಜ್ಯದಲ್ಲಿ ಕಟ್ಟಳೆಯಿಲ್ಲವಲ್ಲ."

ಸಭೆ ತಲೆದೂಗಿತು. ಕಟ್ಟಳೆ ನಿಜಕ್ಕೂ ಹಾಗೆಯೇ ಇತ್ತು. ಸಾಂತಯ್ಯನ ಮಾತಿಗೆ ವಿರುದ್ಧವಾಗಿದ್ದ ಸಾಕ್ಷಿ ಒಂದೇ, ಅವನು ಬದುಕಿದ್ದುದು.

ಸಾಂತಯ್ಯ ಮತ್ತೆ ಕೈಮುಗಿದ. "ಹಾಗಾದರೆ ಅಪ್ಪಣೆಯಾಗಲಿ. ಇಂದು ಆ ಅನ್ನವನ್ನು, ನಾಲ್ಕು ಎಲೆಗಾಗುವ ಹರಿವಾಣ ಪೂರ್ತಿ, ಉಣ್ಣುತ್ತೇನೆ. ಈ ಊಳಿಗಕ್ಕೆ ಬಂದಾಗಿನಿಂದ ನನ್ನ ಜೊತೆ ಯಾರೂ ಉಂಡಿಲ್ಲ. ಪ್ರಭುಗಳು ಪಕ್ಕದ ಎಲೆಗೆ ಕೂರಬೇಕು."

"ನನಗೆ ಇಂದು ಉಪವಾಸ," ಎಂದ ಕೇತರಸ.

"ಯಾವ ದೇವರದ್ದು?" ಎಂದಳು ರಾಣಿ.

ಆತ ನೆನಪಿಸಿಕೊಳ್ಳುತ್ತಿರುವಾಗಲೇ ಎರಡು ಎಲೆ ಬಿದ್ದವು, ಹಳದಿ ಅನ್ನ ಬಂತು. ಸಾಂತಯ್ಯ ನಿಧಾನವಾಗಿ ಕಲಸಿ ಉಂಡ. ಉಪ್ಪು ಕಡಿಮೆಯೆಂದು ಬಾಣಸಿಗನಿಗೆ ಹೇಳಿಯೂ ಹೇಳಿದ. ಕೇತರಸನ ಕೈ ಎಲೆಯ ತನಕ ಬಂದು ಅಲ್ಲೇ ನಿಂತಿತು. ರಾಣಿ ಆ ಕೈಯನ್ನೇ ನೋಡುತ್ತಿದ್ದಳು. "ಸಾಕು, ಸಾಂತಯ್ಯನವರೇ, ನಿಲ್ಲಿಸಿ," ಎನ್ನುವಷ್ಟರಲ್ಲಿ ಅವನ ಹರಿವಾಣ ಬರಿದಾಗಿತ್ತು.

ಕಾವಲಿನವರು ಕೇತರಸನನ್ನು ಸೆರೆಮನೆಗೆ ಒಯ್ದರು. ಹೊಟ್ಟೆ ಹಿಡಿದುಕೊಂಡು ಒರಗಿದ ಸಾಂತಯ್ಯನ ಬಳಿ ರಾಣಿ ಬಂದು ಕುಳಿತಳು.

"ಅಷ್ಟನ್ನೂ ಉಣ್ಣಬೇಕಿತ್ತೆ?"

"ಅರ್ಧ ಉಂಡಿದ್ದರೆ ಸಭೆಗೆ ಅನುಮಾನ ಉಳಿಯುತ್ತಿತ್ತು, ತಾಯಿ."

ವೈದ್ಯರ ಮದ್ದು ನಾಟಲಿಲ್ಲ. ಹೊತ್ತು ಮುಳುಗುವ ಮೊದಲೇ ಅವನು ತೀರಿಕೊಂಡ. ಸಭೆಗೆ ಅನುಮಾನ ಉಳಿಯಲಿಲ್ಲ.

ಮರುದಿನ ರಾಣಿಯ ಎಲೆಗೆ ಬಿಳಿ ಅನ್ನ ಬಂತು. ಮೊದಲ ತುತ್ತಿಗೆ ಯಾರೂ ಮುಂದಾಗಲಿಲ್ಲ. ಅದರ ಬಣ್ಣವನ್ನು ಯಾರೂ ಹೊಗಳಲೂ ಇಲ್ಲ. ರಾಣಿ ಒಬ್ಬಳೇ ಕುಳಿತು ಉಂಡಳು.