ಹಳೇ ಪುಸ್ತಕದ ಹೊಸ ಹೆಸರು

“ಆ ಚೀಟಿ ಎಲ್ಲೈತ್ರಿ?”

ಹೊಸದಾಗಿ ಬೈಂಡಾದ ತನ್ನ ಪುಸ್ತಕ ತೆರೆದ ಕಲ್ಮೇಶನ ದನಿ ಸಿಂದಗಿ ಬಜಾರದ ಆ ಬೈಂಡಿಂಗ್ ಅಂಗಡಿಯ ತುಂಬ ಮೊಳಗಿತು. ಅಪ್ಪನ ಪಕ್ಕ ಕೂತು ಪುಸ್ತಕ ಹೊಲಿಯುತ್ತಿದ್ದ ದಾನೇಶ್ವರಿ ತಲೆಯೆತ್ತಿದಳು. ಸದಾ ನಗುತ್ತ ಬರುವ ಕಾಲೇಜು ಮಾಸ್ತರರು ಇವರೇನಾ!

“ಯಾವ ಚೀಟಿರೀ ಸರ್?”

“ರಟ್ಟಿನ ಒಳಗ ಅಂಟಿಸಿದ್ದು! ಹಡಗಿನ ಚಿತ್ರ, ಕೆಳಗ ಪುಸ್ತಕದ ಮೊದಲಿನ ಮಾಲೀಕನ ಹೆಸರು... ಎರಡು ನೂರು ವರ್ಷದ ಹಿಂದಿನ ಅಮೆರಿಕಾದ ಜಡ್ಜ್ ಅಂವ. ಆ ಚೀಟಿ ಸಲುವಾಗೇ ಪುಸ್ತಕ ತರಿಸಿದ್ದೆ!”

ಅಯ್ಯೋ ಶಿವನೇ! ಪುಸ್ತಕಕ್ಕಿಂತ ಚೀಟಿಯೇ ದೊಡ್ಡದೆಂದು ಆಕೆಗೇನು ಗೊತ್ತು? ಎಂದೋ ಸತ್ತವನ ಹೆಸರು ಇವರ ಮನೆಯಲ್ಲೇಕೆಂದು ಒದ್ದೆ ಬಟ್ಟೆಯಿಟ್ಟು ಬಿಡಿಸಿದ್ದಳು. ಹೊಸ ಕಾಗದದ ಮೇಲೆ ‘ಕಲ್ಮೇಶ’ ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದು ಅಲ್ಲಿ ಹಚ್ಚಿದ್ದಳು. ಬರೆಯುವಾಗ ಕೆನ್ನೆ ಕೆಂಪಾಗಿದ್ದನ್ನು ಯಾರ ಮುಂದೆ ಹೇಳುವುದು?

“ಒಂದು ಮಾತು ಕೇಳಬೇಕಿತ್ರಿ!” ಪುಸ್ತಕ ಎತ್ತಿಕೊಂಡು ಅವನು ಹೊರಟೇಬಿಟ್ಟ.

‘ಇನ್ನು ಈ ಕಡೆ ಹಾಯುವುದಿಲ್ಲ ಇವರು...’ ಆಕೆಯ ಕಣ್ಣು ತುಂಬಿತು.

ಬಿಡಿಸಿದ ಹಳೆ ಕಾಗದಗಳನ್ನು ಒಂದರ ಮೇಲೊಂದು ಅಂಟಿಸಿ ರಟ್ಟು ಮಾಡುವುದು ಅಂಗಡಿಯ ಪದ್ಧತಿ. ಚೀಟಿಯೂ ಅದರಲ್ಲೇ ಸೇರಿಹೋಗಿತ್ತು. ದಾನೇಶ್ವರಿ ಹೊಸ ರಟ್ಟುಗಳನ್ನೆಲ್ಲ ನೀರಲ್ಲಿ ನೆನೆಹಾಕಿ ಪದರು ಪದರು ಬಿಡಿಸತೊಡಗಿದಳು.

“ಹುಚ್ಚಿ! ಒಂದು ಕಾಗದಕ್ಕ ಇಷ್ಟು ಮಾಲು ಹಾಳು ಮಾಡ್ತೀಯೇನ?” ಎಂದು ಅಪ್ಪ ಸಿದ್ದರಾಯ ಗದರಿದ.

“ಕಾಗದಕ್ಕಲ್ಲಪ್ಪಾ...” ಎಂದವಳು ನಾಲಿಗೆ ಕಚ್ಚಿಕೊಂಡಳು. ಅಪ್ಪ ಮಗಳ ಮುಖ ನೋಡಿ, ತಾನೂ ಒಂದು ರಟ್ಟು ಕೈಗೆತ್ತಿಕೊಂಡ.

ಕಡೆಗೂ ಹಡಗು ಸಿಕ್ಕಿತು! ಮರುದಿನ ಅವನ ಊರು ಯಂಕಂಚಿಗೆ ಹೋಗಿ, ಅವನ ಮನೆಯ ಕಟ್ಟೆಯ ಮುಂದೆ ನಿಂತು ಚೀಟಿ ಚಾಚಿದಳು.

“ಪುಸ್ತಕ ಕೊಡ್ರಿ. ನಾ ಬರೆದದ್ದನ್ನ ಕಿತ್ತು ಇದನ್ನ ಹಚ್ಚತೇನಿ.”

ಅವನು ಪುಸ್ತಕ ತಂದು ತೆರೆದು, ತನ್ನ ಹೆಸರನ್ನು ಅಂಗೈಯಿಂದ ಮುಚ್ಚಿದ. “ಮುಟ್ಟಬ್ಯಾಡ್ರಿ! ಹಳೇ ಪುಸ್ತಕ ಕೂಡಿಸಾವ್ರು ಯಾರ ಹೆಸರೂ ಕೀಳೂದಿಲ್ಲ. ಅಂವಂದು ಬಾಜೂಕ ಹಚ್ರಿ. ನನ್ನ ಹೆಸರು ಇಷ್ಟು ಛಂದ ಯಾರೂ ಬರದಿಲ್ರಿ... ನಾ ಬೈದದ್ದು ತಪ್ಪಾತು.”

“ಹಂಗಾರ ಅಂಗಡಿಗೆ ಬರ್ತೀರೇನ್ರಿ?”

“ನಿಮ್ಮನ್ನ ನೋಡಾಕಂತನ ಹುಡುಕಿ ಹುಡುಕಿ ಹರಕ ಪುಸ್ತಕ ತರಸ್ತೇನಿ! ಇನ್ನರೆ ಸರ್ ಅನ್ನೂದು ಬಿಡ್ರಿ. ಕಲ್ಮೇಶ ಅನ್ರಿ.”

ಆಕೆ ತಲೆ ತಗ್ಗಿಸಿದಳು. “ಅದೊಂದು ಆಗೂದಿಲ್ರಿ.”

ಅವನ ಮುಖ ಸಪ್ಪಗಾಯಿತು. “ಯಾಕ್ರಿ?”

“ಅಯ್ಯ! ಕಟಗೊಳ್ಳೂ ಗಂಡನ ಹೆಸರು ಹಿಡದು ಯಾರರೆ ಕರೀತಾರೇನ್ರಿ?”