ಸೋಮವಾರದ ಕಿವಿ

ಕೂದಲಿಗಿಂತ ತೆಳುವಾದ ಸೂಜಿ ಕಿವಿತಮಟೆಯನ್ನು ದಾಟಿ ಒಳಗಿಳಿದು ಒಂದೇ ಒಂದು ಹನಿಯನ್ನು ಬಿಟ್ಟಿತು. ಆ ಹನಿಯ ಹೆಸರು ಅಂಕುರ. ಒಳಕಿವಿಯಲ್ಲಿ ಬಸವನಹುಳದ ಚಿಪ್ಪಿನಂತೆ ಸುರುಳಿಯಾದ ನಾಳವೊಂದಿದೆ. ಅದರೊಳಗಿನ ರೋಮಕೋಶಗಳು ಶಬ್ದದ ಅಲೆಗೆ ತೊನೆದು ಅದನ್ನು ನರಕ್ಕೆ ದಾಟಿಸುತ್ತವೆ. ಕೋಳಿಗೂ ಮೀನಿಗೂ ಈ ಕೋಶಗಳು ಸತ್ತರೆ ಮತ್ತೆ ಚಿಗುರುತ್ತವೆ, ಮನುಷ್ಯನಿಗೆ ಮಾತ್ರ ಹುಟ್ಟುವಾಗ ಬಂದಷ್ಟೇ. ಹುಬ್ಬಳ್ಳಿಯ ಡಾ. ನೀಲಗಂಗಾ ಹೊಂಬಳ ಕಂಡುಹಿಡಿದ ಹನಿ ಮನುಷ್ಯನ ಕಿವಿಗೂ ಆ ವಿದ್ಯೆಯನ್ನು ಕಲಿಸಿತ್ತು.

ಬೆಳಿಗ್ಗೆ ಹನಿ ಹಾಕಿಸಿಕೊಂಡಿದ್ದ ಸಮರ್ಥ ಬೆಟಗೇರಿ ಸಂಜೆಯ ಹೊತ್ತಿಗೆ ತಟ್ಟನೆ ತಲೆಯೆತ್ತಿದ. ಹೊರಗೆ ಯಾರೋ ಕುರ್ಚಿ ಎಳೆದಿದ್ದರು.

"ಕೇಳಸ್ತದರೀ!" ಎಂದು ಅವನು ಕೂಗಿದ. ಹೆಂಡತಿ ಶೈಲಶ್ರೀ ಅತ್ತಳು. ನೀಲಗಂಗಾರ ಕಣ್ಣೂ ಒದ್ದೆಯಾಯಿತು.

ಸಮರ್ಥ ಕಬಡ್ಡಿ ಪಂದ್ಯಗಳಿಗೆ ವೀಕ್ಷಕ ವಿವರಣೆ ಕೊಡುವವನು. ಬೀದರಿನಿಂದ ಬೆಳಗಾವಿವರೆಗೆ ಅವನ ದನಿಯನ್ನು ಗುರುತಿಸದವರು ಕಡಿಮೆ. ಗೆಳೆಯರ ಕೂಟದಲ್ಲಿ ಅವನು 'ನುಣುಪು' ಎಂಬ ಅಮಲಿನ ಪುಡಿಯನ್ನು ಮೂಗಿಗೇರಿಸಿದ್ದ. ಒಳಕಿವಿಗೆ ರಕ್ತ ಒಯ್ಯುವುದು ಒಂದೇ ಒಂದು ಸಣ್ಣ ಧಮನಿ. ಪುಡಿ ಅದನ್ನು ಬಿಗಿಹಿಡಿದಾಗ ಕೋಶಗಳು ಉಸಿರುಗಟ್ಟಿ ಸತ್ತಿದ್ದವು. ಮೋಜು ಇಳಿದು ಎಚ್ಚರವಾದಾಗ ಅವನ ಲೋಕ ಮೂಕವಾಗಿತ್ತು.

"ಇನ್ನ ಅದರ ಹೆಸರೂ ಎತ್ತೂದಿಲ್ರಿ, ಮೇಡಂ," ಎಂದು ಕೈಮುಗಿದು ಹೋದ.

ಮರುವರ್ಷ ಮತ್ತೆ ಕಿವುಡಾಗಿ ಬಂದ. ಈ ಸಲ ಕೈಮುಗಿಯಲಿಲ್ಲ. ಹನಿ ತಯಾರಿಸುವ ಕಂಪನಿ ಅಷ್ಟರಲ್ಲಿ ಊರೆಲ್ಲ ಜಾಹೀರಾತು ಹಾಕಿತ್ತು: 'ಭಾನುವಾರ ಹೋದರೇನು, ಸೋಮವಾರ ಬರುತ್ತದೆ!' ಕೆಳಗೆ ಕಿವಿಗೆ ಹೂವಿಟ್ಟುಕೊಂಡು ನಗುವ ಹುಡುಗಿಯ ಚಿತ್ರ. ಪುಡಿಯ ಹೆಸರು ಎಲ್ಲೂ ಇರಲಿಲ್ಲ. ಇರಬೇಕಾಗಿಯೂ ಇರಲಿಲ್ಲ, ಓದಿದವರಿಗೆಲ್ಲ ಅರ್ಥವಾಗುತ್ತಿತ್ತು. ಹುಟ್ಟುಕಿವುಡು ಮಕ್ಕಳಿಗಾಗಿ ನೀಲಗಂಗಾ ಹಾಕಿಸಿದ್ದ ಬೆಂಚುಗಳ ಮೇಲೆ ಸೋಮವಾರ ಬೆಳಿಗ್ಗೆ ಕೆಂಪುಗಣ್ಣಿನ ಯುವಕರು ಸೊಂಟ ಮುರಿದವರಂತೆ ಒರಗಿರುತ್ತಿದ್ದರು. ಬಾಯಿಂದ ಹುಳಿವಾಸನೆ. ತಮ್ಮ ದನಿ ತಮಗೇ ಕೇಳದೆ ಅರಚುತ್ತಿದ್ದರು. ಯಾರು ಮೊದಲು ಕಿವುಡಾಗುತ್ತಾರೆ ಎಂದು ಕೂಟಗಳಲ್ಲಿ ಪಂದ್ಯ ಕಟ್ಟುವುದೂ ಶುರುವಾಗಿತ್ತು. ಗೆದ್ದವನನ್ನು ಹೆಗಲ ಮೇಲೆ ಹೊತ್ತು ಆಸ್ಪತ್ರೆಗೆ ತರುತ್ತಿದ್ದರು. ಒಮ್ಮೆ ಅಂಥವನೊಬ್ಬ ಮಕ್ಕಳ ಆಟಿಕೆಗಳ ಮೇಲೆಯೇ ವಾಂತಿ ಮಾಡಿ, ಅಂಗಿತೋಳಿನಿಂದ ಬಾಯಿ ಒರೆಸಿಕೊಂಡು ನಕ್ಕ. ನೀಲಗಂಗಾ ಅಂದು ಮನೆಗೆ ಹೋಗಿ ಊಟದ ತಟ್ಟೆಯನ್ನು ಹಾಗೇ ಸರಿಸಿದರು.

ಕಂಪನಿಯ ಅಧಿಕಾರಿಗೆ ಫೋನು ಮಾಡಿ, "ಆ ಬೋರ್ಡ್ ತೆಗಸ್ರಿ. ನನಗ ಹೇಸಿಗಿ ಬರಾಕತ್ತದ," ಎಂದರು.

"ಮೇಡಂ, ನಾವು ಪುಡಿ ಮಾರ್ತಿಲ್ಲ, ಕಿವಿ ಮಾರ್ತಿದ್ದೀವಿ," ಎಂದು ಆತ ನಕ್ಕ.

ಸಮರ್ಥ ಮೂರನೇ ಸಲ ಬಂದದ್ದು ಒಂದು ಮಂಗಳವಾರ, ಒಬ್ಬನೇ. ಮೇಜಿನ ಮೇಲೆ ಮಾತನ್ನು ಅಕ್ಷರವಾಗಿಸುವ ಪರದೆ ಇತ್ತು. ಅದರತ್ತ ನೋಡುವ ಮೊದಲೇ ಅವನು ಅಬ್ಬರಿಸಿದ: "ಲಗೂನ ಹಾಕ್ರಿ ಮೇಡಂ! ಶನಿವಾರ ಫೈನಲ್ ಐತಿ!"

ಮೂಗಿನ ಹೊಳ್ಳೆಯ ಸುತ್ತ ಚರ್ಮ ಸುಲಿದು ಕೀವುಗಟ್ಟಿತ್ತು. ಅದನ್ನು ಉಗುರಿನಿಂದ ಕೆರೆದು ಕುರ್ಚಿಯ ಕೈಗೆ ಒರೆಸಿದ. ಅಷ್ಟರಲ್ಲಿ ಬಾಗಿಲು ತೆರೆದು ಶೈಲಶ್ರೀ ಒಳಗೆ ಬಂದಳು. ಅವಳ ಸೀರೆಯ ಸೆರಗಿಗೆ ಹಳದಿ ಮುಲಾಮು ಮೆತ್ತಿತ್ತು. ಗಂಡನ ಕಡೆ ಅವಳು ತಿರುಗಲೂ ಇಲ್ಲ.

"ನನ್ನ ಮಗಳ ಮೈ ಸುಟ್ಟೈತ್ರಿ," ಎಂದಳು.

ನಾಲ್ಕು ವರ್ಷದ ಹುಡುಗಿ, ಹೆಸರು ಪಂಕಜಾ. ಭಾನುವಾರ ಶೈಲಶ್ರೀ ಕೆಲಸಕ್ಕೆ ಹೋದಾಗ ಮಗಳನ್ನು ಗಂಡನ ಬಳಿ ಬಿಟ್ಟಿದ್ದಳು. ಅವನು ಪಡಸಾಲೆಯಲ್ಲಿ ಕುಳಿತು ಪುಡಿ ಏರಿಸಿಕೊಂಡ. ಒಳಗೆ ಮಗು ಒಲೆಯ ಮೇಲಿನ ಕುದಿನೀರನ್ನು ಮೈಮೇಲೆ ಎಳೆದುಕೊಂಡಿತು. "ಅಪ್ಪಾ, ಅಪ್ಪಾ" ಎಂಬ ಚೀರಾಟ ಕೇಳಿ ಓಡಿಬಂದದ್ದು ರಸ್ತೆಯಾಚೆಯ ಮನೆಯಾಕೆ. ಆಕೆ ಮಗುವನ್ನು ಎತ್ತಿಕೊಂಡು ಪಡಸಾಲೆ ದಾಟುವಾಗ ಅಪ್ಪ ಕಣ್ಣು ಮುಚ್ಚಿ, ಗದ್ದಕ್ಕೆ ಜೊಲ್ಲು ಇಳಿಸಿಕೊಂಡು, ಮುಗುಳ್ನಗುತ್ತ ಕುಳಿತಿದ್ದ.

ಪರದೆಯ ಮೇಲೆ ಅವಳು ಹೇಳಿದ ಈ ಮಾತುಗಳೆಲ್ಲ ಸಾಲುಸಾಲಾಗಿ ಮೂಡಿದವು. ಸಮರ್ಥ ಓದಿದ.

"ಆಸ್ಪತ್ರಿಯವರು ಆರಾಮ ಆಗ್ತದ ಅಂದಾರಲ್ಲ," ಎಂದ. ಆಮೇಲೆ ವೈದ್ಯೆಯತ್ತ ತಿರುಗಿ, "ಸೂಜಿ ಎಲ್ಲೈತ್ರಿ?" ಎಂದ.

ನೀಲಗಂಗಾ ಎದ್ದು ಕಿಟಕಿಯ ಹತ್ತಿರ ನಿಂತರು. "ಇವಂಗ ನಾ ಹಾಕೂದಿಲ್ಲ, ಶೈಲಶ್ರೀ. ನನ್ನ ಕೈಲೆ ಆಗೂದಿಲ್ಲ."

"ಹಾಕ್ರಿ," ಎಂದಳು ಅವಳು. "ಇವತ್ತ ಹಾಕ್ರಿ. ನಾಳೆ ಆಕೀ ಗಾಯದ ಪಟ್ಟಿ ಬಿಚ್ಚತಾರ. ಆಗ ಆಕಿ ಚೀರತಾಳ. ಅವ ಅದನ್ನ ಕೇಳಬೇಕ್ರಿ."

ನೀಲಗಂಗಾ ಕೈತೊಳೆದುಕೊಂಡು ಬಂದು, ಉಸಿರು ಬಿಗಿಹಿಡಿದು, ಅವನ ಎರಡೂ ಕೊಳಕು ಕಿವಿಗಳೊಳಗೆ ಹನಿ ಬಿಟ್ಟರು.

ಮರುದಿನ ಅವರೂ ಸುಟ್ಟಗಾಯದ ವಾರ್ಡಿಗೆ ಹೋದರು. ದಾದಿ ಪಟ್ಟಿಯ ಮೊದಲ ಸುತ್ತನ್ನು ಬಿಡಿಸುತ್ತಿದ್ದಂತೆ ಮಗು ಕಿರುಚಿತು. ಆ ದನಿಗೆ ಪಕ್ಕದ ಹಾಸಿಗೆಯ ಮುದುಕಿ ಕೂಡ ದೇವರೇ ಎಂದು ಅತ್ತಳು. ಸಮರ್ಥ ಗೋಡೆಗೆ ಅಂಟಿ ನಿಂತಿದ್ದ. ಅವನ ಹೊಸ ಕಿವಿಗಳು ಒಂದು ಉಸಿರಿನಷ್ಟೂ ಕಳೆದುಕೊಳ್ಳದೆ ಎಲ್ಲವನ್ನೂ ಕೇಳಿದವು.

"ಅಪ್ಪಾ!" ಎಂದಿತು ಮಗು.

ಅವನು ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡ. ಹಾಗೇ ಹಿಂದೆ ಸರಿಯುತ್ತ ಬಾಗಿಲು ದಾಟಿ, ಮೆಟ್ಟಿಲಿಳಿದು ಹೋಗಿಬಿಟ್ಟ. ಶೈಲಶ್ರೀ ತಿರುಗಿ ನೋಡಲಿಲ್ಲ. ಮಗುವಿನ ಹಣೆಯ ಮೇಲೆ ಬಾಯಿ ಇಟ್ಟು, "ನಾ ಅದೀನವ್ವಾ, ನಾ ಅದೀನಿ," ಎನ್ನುತ್ತಿದ್ದಳು.

ಶನಿವಾರದ ಫೈನಲ್‌ನಲ್ಲಿ ಸಮರ್ಥನ ದನಿ ಎಂದಿನಂತೆ ಮೊಳಗಿತು. ಜನ ಮೆಚ್ಚಿದರು. ಗಾಯ ಮಾಗಿದ ಮೇಲೆ ಶೈಲಶ್ರೀ ಮಗಳೊಂದಿಗೆ ಗದಗಿನ ತಂಗಿಯ ಮನೆಗೆ ಹೋದಳು.

ನೀಲಗಂಗಾ ಅಂಕುರವನ್ನೇ ಹಿಂತೆಗೆದುಕೊಳ್ಳುವ ಯೋಚನೆ ಮಾಡಿದರು. ಕಿವಿ ಮರಳುವುದಿಲ್ಲ ಎಂದಾದರೆ ಜನ ಹೆದರಿ ಪುಡಿ ಬಿಡುತ್ತಾರಲ್ಲವೇ? ಆದರೆ ಬೆಂಚಿನ ಮೇಲೆ ಹುಟ್ಟುಕಿವುಡು ಮಕ್ಕಳೂ ಕುಳಿತಿದ್ದರು. ಯಾವ ತಪ್ಪಿಗೆ ಅವರ ಸರದಿ ಕಿತ್ತುಕೊಳ್ಳುವುದು? ಉತ್ತರ ಹುಡುಕುತ್ತ ಅವರು ಮೂರು ನಾಲ್ಕು ದಶಕಗಳ ಹಿಂದಿನ ವೈದ್ಯರ ವರದಿಗಳನ್ನು ತೆರೆದರು. ಹನಿಯ ಕನಸೂ ಇಲ್ಲದ ಕಾಲ ಅದು. ಅಲ್ಲೂ ಇಂಥವರೇ ಇದ್ದರು. ಕೂಟಕ್ಕೆ ಹೋದ ಹುಡುಗ, ಮಲಗೆದ್ದಾಗ ಕಿವುಡು. ಪುಡಿ ಸೇದಿದ ಹುಡುಗಿ, ಎರಡೂ ಕಿವಿಯಲ್ಲಿ ಬಿಡದ ಗುಂಯ್‌ಗುಡುವಿಕೆ. ಕೆಲವರಿಗೆ ಒಂದಿಷ್ಟು ಮರಳಿತ್ತು, ಕೆಲವರಿಗೆ ಏನೂ ಇಲ್ಲ.

ನೀಲಗಂಗಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಸಮರ್ಥನ ಉಡಾಫೆ ಅವರಿಗೆ ಅರ್ಥವಾಗುತ್ತಿತ್ತು. ಅವನಿಗೆ ಸೋಮವಾರವೊಂದಿತ್ತು. ಈ ವರದಿಗಳ ಜನರಿಗೆ ಏನಿತ್ತು? ಸತ್ತದ್ದು ಮತ್ತೆ ಚಿಗುರದು ಎಂದು ತಿಳಿದ ಕಾಲದಲ್ಲಿ, ಹುಟ್ಟುವಾಗ ಬಂದ ಆ ಒಂದೇ ಜೊತೆ ಕಿವಿಯನ್ನು ಹೊತ್ತುಕೊಂಡು, ಅವರೆಲ್ಲ ಯಾವ ಧೈರ್ಯದ ಮೇಲೆ ಪುಡಿಯ ಕಡೆಗೆ ಬಾಗಿದರು?