ಪುಟ ನಲವತ್ತಾರು

ಶೈಲಶ್ರೀಯ ಲೇಖನದ ಕೊನೆಯಲ್ಲಿದ್ದ ರೆಫರೆನ್ಸ್ ಪಟ್ಟಿಯಲ್ಲಿ ಗಾದಿಗನೂರು ಏಳು ಪ್ರಬಂಧ ಬರೆದಿತ್ತು. ಕಡ್ಡಿರಾಂಪುರ ಎರಡು ಪುಸ್ತಕ ಬರೆದಿತ್ತು. ಸಂಡೂರಂತೂ ಕಂಪ್ಲಿಯ ಜೊತೆ ಸೇರಿ ಒಂದು ಸಂಪುಟವನ್ನೇ ಸಂಪಾದಿಸಿತ್ತು. ಎಲ್ಲ ಆ ಹಾಳು ಸಾಫ್ಟ್‌ವೇರಿನ ಕಿತಾಪತಿ. ಜರ್ನಲ್‌ನವರಿಗೆ ಮನೆತನದ ಹೆಸರು ಮೊದಲು ಬರಬೇಕು. ನಮ್ಮ ಕಡೆಯವರೋ, ಹೆಸರಿನ ಮುಂದೆ ಊರು ಇಟ್ಟುಕೊಳ್ಳುತ್ತಾರೆ, ಇಲ್ಲ ಅಪ್ಪನನ್ನು ಇಟ್ಟುಕೊಳ್ಳುತ್ತಾರೆ. ಮನೆತನ ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ.

ಇದನ್ನು ಸರಿಮಾಡಿಸಲು ಅವಳು ಹೊಸಪೇಟೆಯ ಕಾಲೇಜು ರಸ್ತೆಯ ರಾಮಾಂಜಿನಿಯ ಡಿಟಿಪಿ ಅಂಗಡಿಗೆ ಬಂದು ಹದಿನೈದು ದಿನವಾಗಿತ್ತು. ಮದುವೆ ಕಾರ್ಡಿನಿಂದ ಹಿಡಿದು ಪಿಎಚ್‌.ಡಿ. ಪ್ರಬಂಧದವರೆಗೆ ಎಲ್ಲವನ್ನೂ ಅವನೇ ಮಾಡುತ್ತಿದ್ದ. "ಎರಡು ದಿನದ ಕೆಲ್ಸ ಮೇಡಂ" ಅಂದಿದ್ದ. ಎರಡು ದಿನವಂತೆ. ದಿನಾ ಕಂಪ್ಲಿಯಿಂದ ಬಸ್ಸು ಹತ್ತಿ ಬಂದು, ಅವನ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಕೂತು ಅವಳ ಸೊಂಟ ಹಿಡಿದುಕೊಂಡಿತ್ತು.

ಏಕೆಂದರೆ ಅವನು ಲೇಖಕರಿಗೆ ಫೋನ್ ಮಾಡುತ್ತಿದ್ದ. ಒಬ್ಬೊಬ್ಬರಿಗೂ.

"ಸರ, ನಿಮ್ಮ ಹೆಸರಿನ್ಯಾಗ ಎಚ್ ಅಂದ್ರ ಊರೋ, ಅಪ್ಪಾರೋ?"

ಸಂಡೂರಿನ ಒಬ್ಬ ನಿವೃತ್ತ ಹೆಡ್‌ಮಾಸ್ಟರು ಆ ಒಂದು ಅಕ್ಷರ ವಿವರಿಸಲು ಮುಕ್ಕಾಲು ಗಂಟೆ ತೆಗೆದುಕೊಂಡರು. ಶೈಲಶ್ರೀ ಕಣ್ಣಲ್ಲೇ ಅವನನ್ನು ಸುಡುತ್ತಿದ್ದಳು. ಅವನು ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಅವಳತ್ತ ನೋಡಿ, ತುಟಿಯ ಒಂದೇ ಬದಿಯಿಂದ ನಕ್ಕ. ಅವಳ ಸಿಟ್ಟು ಅರ್ಧ ಇಳಿದುಹೋಯಿತು. ಹಾಗೆ ಇಳಿದದ್ದಕ್ಕೆ ಅವಳಿಗೆ ಮತ್ತೆ ಸಿಟ್ಟು ಬಂತು.

ಇವತ್ತು ಮಾತ್ರ ನಗುವಿಗೆ ಜಾಗವಿರಲಿಲ್ಲ. ತಿದ್ದಿದ ಪ್ರತಿ ಕಳಿಸಲು ಸಂಜೆ ಐದಕ್ಕೆ ಜರ್ನಲ್‌ನ ಗಡುವು. ಲೇಖನ ಹೋಗದಿದ್ದರೆ ಪ್ರಬಂಧ ಸಲ್ಲಿಸುವಂತಿಲ್ಲ, ಸಲ್ಲಿಸದಿದ್ದರೆ ಈ ತಿಂಗಳ ಕೊನೆಗೆ ಅವಳ ಪಿಎಚ್‌.ಡಿ. ರಿಜಿಸ್ಟ್ರೇಷನ್ನೇ ರದ್ದು. ಆರು ವರ್ಷದ ಕೆಲಸ ನೀರಲ್ಲಿ ಹೋಮ. ಮಧ್ಯಾಹ್ನ ಒಂದೂವರೆಗೆ ಅವಳು ಅಂಗಡಿಯೊಳಗೆ ಬಂದಾಗ ಅವನು ಮುಖ ಗಂಟು ಹಾಕಿಕೊಂಡು ಕೂತಿದ್ದ.

"ಎಂಬತ್ಮೂರರಾಗ ಎಂಬತ್ತೆರಡು ಆಗ್ಯಾವ. ಒಂದು ನಿಂತೈತಿ."

"ಯಾವುದ್ರೀ ಅದು ಮತ್ತ?"

"ನಿಮ್ಮೂರಿನ ರೈತ ಸಂಘದ ಸ್ಮರಣ ಸಂಚಿಕೆ. ಪುಟ ನಲವತ್ತಾರು ಅಂತ ಬರ್ದೀರಿ. ನೀವು ಅದನ್ನ ಕಣ್ಣಿಲೆ ನೋಡೀರೇನ್ರಿ, ಮೇಡಂ?"

"ನೋಡೀನಿ."

ಅವನು ಡ್ರಾಯರಿನಿಂದ ಹಳದಿಗಟ್ಟಿದ ತೆಳ್ಳನೆಯ ಪುಸ್ತಕ ತೆಗೆದು ಅವಳ ಮುಂದಿಟ್ಟ. "ನಿನ್ನೆ ಕಂಪ್ಲಿಗೆ ಹೋಗಿ ತಂದೀನಿ. ಇದು ನಲವತ್ತೇ ಪುಟ ಐತ್ರಿ. ಮೂರು ಸಲ ಎಣಿಸೀನಿ."

ಶೈಲಶ್ರೀಯ ಕಿವಿ ಬಿಸಿಯಾಯಿತು. ತನ್ನದೇ ಊರಿನಲ್ಲಿ, ಮನೆಯಿಂದ ನಾಲ್ಕು ಬೀದಿ ಆಚೆ ಇದ್ದ ಪುಸ್ತಕ. ಅದನ್ನು ನೋಡದೆಯೇ ಪುಟಸಂಖ್ಯೆಯನ್ನು ಯಾರದೋ ಪುಸ್ತಕದ ಅಡಿಟಿಪ್ಪಣಿಯಿಂದ ಎತ್ತಿಕೊಂಡಿದ್ದಳು, ಅವರು ಇನ್ಯಾರಿಂದ ಎತ್ತಿಕೊಂಡಿದ್ದರೋ.

"ನಿಮ್ಮನ್ನ ಕಂಪ್ಲಿಗೆ ಹೋಗ್ರಿ ಅಂದೋರ್ಯಾರು? ಕಾಮಾ, ಫುಲ್‌ಸ್ಟಾಪ್ ನೋಡ್ರಿ ಅಂದ್ರ ಇಡೀ ತಾಲ್ಲೂಕು ಸುತ್ತಿ ಬಂದೀರಲ್ಲ. ಎಲ್ಲಾರೂ ಹಿಂಗ ಹಾಕ್ತಾರ. ಯಾರೂ ತೆಗೆದು ನೋಡಂಗಿಲ್ಲ. ಹಂಗ ಬಿಡ್ರಿ."

"ಬಿಡ್ತೀನಿ. ನೀವು ಹೇಳಿದ್ರ ಬಿಡ್ತೀನಿ." ಅವನ ದನಿ ಏರಲಿಲ್ಲ. "ಆದ್ರ ಆ ಪುಟದಾಗ ಐತಿ ಅಂತ ಬರ್ದೀರಲ್ಲ, ಆ ಮಾತು ನಿಮಗ ಹೇಳಿದೋರು ಯಾರು, ಅದನ್ನಷ್ಟ ಹೇಳ್ರಿ."

ಆ ಮಾತೇ ಅವಳ ಲೇಖನದ ಬೆನ್ನೆಲುಬು: ನೀರು ಕಮ್ಮಿಯಾದ ವರ್ಷ ಹಳೇ ಕಾಲುವೆಯಲ್ಲಿ ಮೊದಲ ಪಾಳಿ ಕಟ್ಟಕಡೆಯ ಗದ್ದೆಗೆ. ಹೇಳಿದವನು ಕಡ್ಡಿರಾಂಪುರದ ಹೊನ್ನೂರಪ್ಪ, ಕಾಲುವೆಯಿಂದ ಗದ್ದೆಗಳಿಗೆ ಪಾಳಿಯ ಮೇಲೆ ನೀರು ಬಿಡುತ್ತಿದ್ದ ನೀರುಗಂಟಿ. ನಾಲ್ಕು ವರ್ಷದ ಹಿಂದೆ ಬಾಳೆತೋಟದ ಬದುವಿನ ಮೇಲೆ ಕೂತು ಬರೆದುಕೊಂಡಿದ್ದಳು. ಓದು ಬರಹ ಇಲ್ಲದ ಮುದುಕನ ಮಾತನ್ನು ದೊಡ್ಡ ಜರ್ನಲ್‌ನವರು ನಂಬುತ್ತಾರೆಯೇ ಎಂಬ ಹೆದರಿಕೆಗೆ ಅಚ್ಚಾದ ಆಧಾರ ಹುಡುಕಿದ್ದಳು. ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಅವಳಿಗೆ ಅಳು ಬಂದಿತ್ತು, ಅವನ ಮುಂದೆ ಅಳುವುದು ಬೇಡವಾಗಿತ್ತು.

ರಾಮಾಂಜಿನಿ ಕಂಪ್ಯೂಟರ್ ಹಾಗೇ ಬಿಟ್ಟು ಬೈಕಿನ ಕೀಲಿ ಎತ್ತಿಕೊಂಡ.

"ಬರ್ರಿ. ಹೆಸರು ಹಾಕ್ಲೇನು ಅಂತ ಅವರನ್ನೇ ಕೇಳೋಣ. ಕಡ್ಡಿರಾಂಪುರ ಅರ್ಧ ತಾಸಿನ ದಾರಿ."

ದಾರಿಯುದ್ದಕ್ಕೂ ಅವಳು ಬೈದಳು. ಜರ್ನಲ್‌ಗೆ, ಸಾಫ್ಟ್‌ವೇರಿಗೆ, ಅವನ ಹೆಲ್ಮೆಟ್ಟಿಗೆ. ಅವನು "ಹೂಂ", "ಹೌದ್ರಿ", "ಖರೇ ಐತಿ" ಅನ್ನುತ್ತಾ ಗಾಡಿ ಓಡಿಸಿದ. ಕನ್ನಡಿಯಲ್ಲಿ ಅವನ ಕಣ್ಣು ಸಿಕ್ಕಿದಾಗಲೆಲ್ಲ ಅವಳು ರಸ್ತೆಬದಿಯ ಬಾಳೆಗಿಡ ನೋಡಿದಳು. ಗಿಡ ಮುಗಿದ ಕಡೆ ಮತ್ತೆ ಕನ್ನಡಿಯನ್ನೇ ನೋಡಿದಳು.

ಹೊನ್ನೂರಪ್ಪ ಮನೆಯ ಕಟ್ಟೆಯ ಮೇಲೆ ಕೂತಿದ್ದ. ಅವಳನ್ನು ಗುರುತು ಹಿಡಿದ.

"ಬಾ ಯಮ್ಮ. ನೀನು ಬರಕಂಡು ಹೋದದ್ದು ಪುಸ್ತಕದಾಗ ಬಂತಂತಲ್ಲ? ಊರಾಗ ಹೇಳಿಕೊಂಡೀನಿ, ನನ್ನ ಹೆಸರು ಐತಿ ಅಂತ."

ಶೈಲಶ್ರೀ ಕಟ್ಟೆಯ ಮೇಲೆ ಅವನ ಪಕ್ಕ ಕೂತಳು. "ಇನ್ನೂ ಬಂದಿಲ್ಲ, ತಾತ. ನಿಮ್ಮ ಹೆಸರು ನಾನು ಹಾಕಿದ್ದಿಲ್ಲ. ತಪ್ಪಾತು. ಇವತ್ತು ಹಾಕ್ಲೇನು?"

"ಹಾಕು. ತಪ್ಪಿದ್ರ ಬೈಯಾಕ ಯಾರಿಗಾದ್ರೂ ನನ್ನ ಮನಿ ಗೊತ್ತಾಗ್ಲಿ" ಎಂದು ಮುದುಕ ಒಳಗಿನಿಂದ ಮಜ್ಜಿಗೆ ತರಿಸಿದ.

ವಾಪಸ್ ಬಂದಾಗ ಮೂರೂವರೆ. ಸ್ಮರಣ ಸಂಚಿಕೆಯ ಸಾಲನ್ನು ಶೈಲಶ್ರೀ ತಾನೇ ಅಳಿಸಿದಳು. ಆ ಜಾಗದಲ್ಲಿ ಹೊನ್ನೂರಪ್ಪನ ಹೆಸರು, ನೀರುಗಂಟಿ, ಕಡ್ಡಿರಾಂಪುರ, ಮಾತಾಡಿದ ದಿನಾಂಕ ಟೈಪ್ ಮಾಡಿದಳು. ಸಂಪಾದಕರಿಗೆ ಒಂದು ಪತ್ರವನ್ನೂ ಬರೆದಳು: ಮೊದಲು ಕೊಟ್ಟ ಆಧಾರ ನಾನು ನೋಡಿರದದ್ದು, ನಿಜವಾದ ಆಧಾರ ಇದು, ತಿರಸ್ಕರಿಸುವುದಾದರೆ ಇದನ್ನು ಓದಿ ತಿರಸ್ಕರಿಸಿ. ನಾಲ್ಕು ಐವತ್ತಕ್ಕೆ ಬಟನ್ ಒತ್ತಿದಳು.

"ಒಪ್ಪಲಿಲ್ಲ ಅಂದ್ರ ಆರು ವರ್ಷ ಹೋತು" ಅಂದಳು. "ನಿಮ್ಮಿಂದ."

"ಹೌದ್ರಿ. ನನ್ನಿಂದ."

"ಯಾಕ್ರೀ ಹೋದ್ರಿ ಕಂಪ್ಲಿಗೆ? ಬ್ಯಾರೆ ಯಾರಿಗಾದ್ರೂ ಹಿಂಗ ಮಾಡೀರೇನು?"

ಅವನು ಕೀಬೋರ್ಡಿನ ಧೂಳು ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. "ಇಲ್ಲ. ಲೇಖನದ ಮ್ಯಾಲೆ ನಿಮ್ಮ ಹೆಸರು ಇರತೈತಿ. ನಾಳೆ ಯಾರಾದ್ರೂ ತಪ್ಪು ಹಿಡಿದು ನಿಮ್ಮನ್ನ ನಾಲ್ಕು ಮಂದಿ ಮುಂದ ಅಂದ್ರ ನನಗ ತಡಕೊಳ್ಳಾಕ ಆಗಂಗಿಲ್ಲ. ನೀವು ಅಂದ್ರ ನನಗ ಭಾಳ ಇಷ್ಟ."

ಹೊರಗೆ ಕಂಪ್ಲಿ ಬಸ್ಸಿನ ಹಾರ್ನ್ ಕೇಳಿತು. ಶೈಲಶ್ರೀ ಏಳಲಿಲ್ಲ.

"ಇದನ್ನ ಮೊದ್ಲೇ ಹೇಳಾಕ ಏನಾಗಿತ್ತು ನಿಮಗ? ಹದಿನೈದು ದಿನ ಆ ಹೆಡ್‌ಮಾಸ್ಟರ ಮಾತು ಕೇಳಿಸ್ಕೊಂತ ಕೂಡಿಸಿದ್ರಲ್ಲ ನನ್ನ."

"ಹೇಳಿದ್ರ ನೀವು ಬರೋದು ಬಿಡ್ತೀರಿ ಅನ್ಕೊಂಡಿದ್ನಿ." ಅವನು ನಗಲಿಲ್ಲ. "ನಿಮ್ಮ ಅಪ್ಪಾರದು ರೈಸ್ ಮಿಲ್ಲು. ನಮ್ಮವ್ವ ಅಂಥಾ ಮಿಲ್ಲಿನ್ಯಾಗ ನೆಲ್ಲು ಒಣಗಿಸಿದಾಕಿ. ಒಪ್ತಾರೇನ್ರಿ?"

"ಒಪ್ಪಂಗಿಲ್ಲ. ಭಾಳ ಗದ್ದಲ ಮಾಡ್ತಾರ."

"ಮತ್ತ?"

ಅವಳಿಗೆ ಹೆದರಿಕೆ ಇರಲಿಲ್ಲವೆಂದಲ್ಲ. ಆದರೂ ತನ್ನ ಕೈಯನ್ನು ಅವನ ಕೈಯ ಮೇಲಿಟ್ಟಳು.

"ಒಬ್ಬರ ಹೆಸರು ಹೇಳಾಕ ಹೆದರಿ ನಾಲ್ಕು ವರ್ಷ ಸುಳ್ಳು ಬರ್ಕೊಂಡು ಕುಂತಿದ್ದೆ. ಇನ್ನ ಸಾಕು. ಇವತ್ತು ಊಟಕ್ಕ ಕುಂತಾಗ ಅಪ್ಪಾಜಿಗೆ ನಿಮ್ಮ ಹೆಸರು ಹೇಳ್ತೀನಿ."